ಪುಠಾಣಿ ಒಲ್ಲದ ಬೂದಿಬುಟ್ಟಿ

ಪಿಎಸ್‌ಐ ಮೇಡಂ ಅವರ ಟೋಪಿಯೊಳಗೆ ಬೆಕ್ಕು ಉಚ್ಚೆ ಹೊಯ್ದಿತ್ತು.

ನಾನು ಖಾಕಿ ಹಾಕಿ ಮೂವತ್ತು ವರ್ಷವಾಗುತ್ತ ಬಂತು. ಜೀಪಿಗೆ ಕಲ್ಲು ಬಿದ್ದದ್ದು ನೋಡಿದ್ದೇನೆ, ಕಾಲರಿಗೆ ಕೈ ಹಾಕಿದವರನ್ನು ನೋಡಿದ್ದೇನೆ. ಇಲಾಖೆಯ ಟೋಪಿಗೆ ಇಂಥ ಗತಿ ಬಂದದ್ದು ಮಾತ್ರ ನೋಡಿರಲಿಲ್ಲ. ಪಡಸಾಲೆಯ ಕಟ್ಟೆಯ ಮೇಲೆ ಅಂಗಾತ ಇಟ್ಟಿದ್ದ ಟೋಪಿಯಿಂದ ಆ ಹಳದಿ ಬೆಕ್ಕು ಇಳಿಯಿತು. ಏನೂ ಆಗಿಲ್ಲವೆಂಬಂತೆ ಕಂಬದ ಹಿಂದೆ ಹೋಗಿ ಕೂತಿತು.

ನಾನು ಲಾಠಿಗೆ ಕೈ ಹಾಕಿದೆ.

“ಚಂದ್ರಾಮಣ್ಣ, ಸುಮ್ಮನ ನಿಂದರ್ರಿ,” ಎಂದರು ಮೇಡಂ.

“ಟೋಪಿ ರೀ ಮೇಡಂ! ಸರಕಾರಿ ಟೋಪಿ!”

“ಟೋಪಿ ತೊಳದ್ರ ಆತು. ಅದು ಯಾಕ ಇಲ್ಲಿ ಬಂದು ಕುಂತು ಅನ್ನೂದು ತೊಳದ್ರ ಸಿಗಂಗಿಲ್ಲ.”

ನಮ್ಮ ಮೇಡಂ ಹೆಸರು ಶಂಕ್ರೆವ್ವ. ಹೆಸರು ಕೇಳಿದವರು ಕೋಲೂರಿಕೊಂಡು ಬರುವ ಅಜ್ಜಿಯನ್ನು ಕಾಯುತ್ತ ನಿಲ್ಲುತ್ತಾರೆ. ಬುಲೆಟ್ ಮೇಲೆ ಬಂದಿಳಿಯುವವರು ಮೂವತ್ತು ದಾಟಿದ ಹೆಣ್ಣುಮಗಳು. ಲಚ್ಯಾಣದ ಕಡೆಯ ಕುರಿ ಕಾಯುವ ಮನೆತನ, ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ನಾನು ಎಎಸ್‌ಐ. ಸಿಂದಗಿ ಠಾಣೆಯಲ್ಲಿ ಬಹಳ ಸಾಹೇಬರಿಗೆ ಸಲ್ಯೂಟ್ ಹೊಡೆದಿದ್ದೇನೆ. ಮನಸ್ಸಿನಿಂದ ಹೊಡೆಯುವುದು ಈಕೆಗೆ.

ಒದ್ದೆ ಅರಿವೆ ಹಿಡಿದು ಓಡಿ ಬಂದವಳು ಈ ಮನೆಯ ಸೊಸೆ ಕಾವೇರಿ. ಕಣ್ಣು ಊದಿದ್ದವು.

“ತಪ್ಪಾತ್ರಿ ಮೇಡಂ. ಅತ್ತಿ ಬಿದ್ದಾಗಿಂದ ಪುಠಾಣಿ ಹಿಂಗ ಮಾಡಾಕತ್ತೈತಿ. ನಿನ್ನಿ ನನ್ನ ಕೌದಿ ಮ್ಯಾಲೆ, ಇವತ್ತ ನಿಮ್ಮ ಟೋಪಿಯಾಗ.”

ಎರಡು ದಿನದ ಹಿಂದೆ, ದೀಪ ಹಚ್ಚುವ ಹೊತ್ತಿಗೆ, ಆಕೆಯ ಅತ್ತೆ ವಿಜಯಲಕ್ಷ್ಮಿಯವರನ್ನು ಇದೇ ಮನೆಯ ಹಿಂದಿನ ಕೋಣೆಯಲ್ಲಿ ಯಾರೋ ತಲೆಗೆ ಹೊಡೆದು ಕೆಡವಿದ್ದರು. ಆಗ ಮುಂದಿನ ಬಾಗಿಲು, ಹಿತ್ತಲ ಬಾಗಿಲು ಎರಡಕ್ಕೂ ಒಳಗಿನಿಂದ ಅಗಳಿ. ಮನೆಯಲ್ಲಿದ್ದವಳು ಕಾವೇರಿ ಒಬ್ಬಳೇ. ಅತ್ತೆ ಈಗ ವಿಜಯಪುರದ ದವಾಖಾನೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಮಗ ಅಮಿತ, ಅಂದರೆ ಕಾವೇರಿಯ ಗಂಡ, ಸುದ್ದಿ ತಿಳಿದು ಇಂಡಿಯಿಂದ ಬಂದವನು ತಾಯಿಯ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಎರಡು ವರ್ಷದಿಂದ ಅವನ ವಾಸ, ನಿಂಬೆಹಣ್ಣಿನ ವ್ಯಾಪಾರ ಎರಡೂ ಇಂಡಿ ಊರಿನಲ್ಲೇ.

“ನೋಡಿದ್ರೇನು?” ಕುರ್ಚಿಯಿಂದ ದನಿ ಬಂತು. ಮಾತಾಡಿದವರು ಶ್ರೀಶೈಲಪ್ಪ, ವಿಜಯಲಕ್ಷ್ಮಿಯವರ ಮೈದುನ, ತೊಗರಿ ವ್ಯಾಪಾರಿ. ಕುರ್ಚಿ ತುಂಬಿ ಹೊರಚೆಲ್ಲುವ ದೇಹ. “ಮೂಕಪ್ರಾಣಿಗೂ ಗೊತ್ತಾಗೈತಿ. ಸೇಡು ತೀರಿಸ್ಕೊಳ್ಳಾಕತ್ತೈತಿ. ನಿಮಗ ಇನ್ನೂ ಗೊತ್ತಾಗವಲ್ದು. ಹೊತ್ತು ಮುಳುಗೂದರೊಳಗ ಈಕಿನ್ನ ಒಯ್ಯಬೇಕು, ಹೇಳಿಬಿಟ್ಟೇನಿ.”

ಅವರು ಹೇಳುವುದಕ್ಕೆ ಮೊದಲೇ ನಮ್ಮ ದೊಡ್ಡ ಸಾಹೇಬರು ಫೋನಿನಲ್ಲಿ ಹೇಳಿ ಮುಗಿಸಿದ್ದರು. ಸಂಜೆಯೊಳಗೆ ಬೇರೆ ದಾರಿ ಕಾಣದಿದ್ದರೆ ಕಾವೇರಿಯನ್ನು ಬಂಧಿಸಬೇಕು. ಮಧ್ಯಾಹ್ನ ಆಗಲೇ ಕಳೆದಿತ್ತು.

“ಸೇಡು ಗೀಡು ಬೆಕ್ಕಿಗೆ ಗೊತ್ತಿಲ್ಲ, ಸಾವಕಾರ್ರ,” ಎಂದರು ಮೇಡಂ. “ನಮ್ಮ ಹಟ್ಟ್ಯಾಗ ಒಂದ ಕುರಿ ದಿನಾ ಹೋಗೂ ಜಾಗಕ್ಕ ಒಮ್ಮೆಲೆ ಒಲ್ಲೆ ಅಂದ್ರ ನಮ್ಮಪ್ಪ ಕುರಿನ್ನ ಬೈತಿದ್ದಿಲ್ಲ. ಹೋಗಿ ಜಾಗ ನೋಡತಿದ್ದ. ತಂಗಿ, ಈ ಬೆಕ್ಕು ಮೊದಲ ಎಲ್ಲಿ ಹೋಗ್ತಿತ್ತು?”

“ತನ್ನ ಬುಟ್ಟಿಗೆ ರೀ.”

“ಬುಟ್ಟಿ ತೋರಸು. ಎಲ್ಲಾರದೂ ತೋರಸು.”

ನನಗೆ ನಗು ಬಂತು. ತಲೆ ಒಡೆದ ಕೇಸಿನಲ್ಲಿ ಬೆಕ್ಕಿನ ಪಾಯಖಾನೆ ಪಂಚನಾಮೆ! ಆದರೂ ಹಿಂದೆ ಹೋದೆ. ಹೋದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಮನೆಗೆ ಹೊಂದಿಕೊಂಡು ಜೋಳ, ತೊಗರಿ ತುಂಬುವ ಕೋಠಿ. ಇಲಿಗಳ ಕಾಟಕ್ಕೆಂದು ವಿಜಯಲಕ್ಷ್ಮಿಯವರು ಸಾಕಿದ ಬೆಕ್ಕುಗಳಿಗೆ ಚಟ್ನಿಗಳ ಹೆಸರು: ಶೇಂಗಾ, ಗುರೆಳ್ಳು, ಅಗಸಿ. ನಾಲ್ಕನೆಯದು ಪುಠಾಣಿ. ಕಾವೇರಿ ಮುದ್ದೇಬಿಹಾಳದ ತವರಿನಿಂದ ಕಳೆದ ವರ್ಷ ಚೀಲದಲ್ಲಿ ಹಾಕಿಕೊಂಡು ಬಂದದ್ದು. ಬೆಕ್ಕು ನಾಲ್ಕು, ಬುಟ್ಟಿ ಐದು.

“ಒಂದು ಹೆಚ್ಚಿಗೆ ಯಾಕ?” ಎಂದೆ.

“ಅಗಸಿಗೆ ಎರಡು ಬೇಕ್ರಿ. ಉಚ್ಚಿ ಒಂದರಾಗ, ಹೇಲು ಇನ್ನೊಂದರಾಗ. ಎರಡೂ ಒಂದರಾಗ ಅಂದ್ರ ಸುತರಾಂ ಒಲ್ಲೆ.”

ಮನುಷ್ಯರಿಗೇ ಇಲ್ಲದ ಶಿಸ್ತು ಇದು. ಸಿಂದಗಿ ಬಸ್‌ಸ್ಟ್ಯಾಂಡಿನ ಗೋಡೆಯನ್ನು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ.

ಕಾವೇರಿ ಒಂದೊಂದೇ ತೋರಿಸುತ್ತ ಹೋದಳು. ಪಡಸಾಲೆಯಲ್ಲಿ ತಲೆ ಎತ್ತದೆ ನಿಂತವಳು ಇಲ್ಲಿ ನೆಟ್ಟಗಾದಳು. “ಶೇಂಗಾಗ ನದಿ ಉಸುಕ ಬೇಕ್ರಿ, ಜರಡಿ ಹಿಡದದ್ದು. ಒಂದ ಹರಳು ಕಾಲಿಗೆ ಹತ್ತಿದ್ರ ಹೊರಗ ನಿಂತು ಒದರತಾನ. ಗುರೆಳ್ಳು ಮುದುಕಿ, ಹಿಂಗಾಲು ಎತ್ತಾಕ ಬರಂಗಿಲ್ಲ. ಅದಕ್ಕ ಆಕಿಗೆ ಅಂಚು ಸಣ್ಣದಿರೂ ಹಳೇ ಪರಾತ. ಊಟದ ಬಟ್ಟಲ ಹತ್ರ ಯಾರ ಬುಟ್ಟೀನೂ ಇಡಂಗಿಲ್ಲ. ಇಟ್ರ ಊಟಾನೂ ಬಿಡತಾವ, ಬುಟ್ಟೀನೂ ಬಿಡತಾವ.”

“ಯಾರು ಕಲಿಸಿದ್ರು ಇದೆಲ್ಲಾ?”

“ಅತ್ತಿ ರೀ.” ಪರಾತದ ಅಂಚನ್ನು ಸೆರಗಿನಿಂದ ಒರೆಸಿದಳು. “ಬೆಕ್ಕಿಗೆ ಬಾಯಿಲ್ಲ, ಬುಟ್ಟಿ ನೋಡಿ ಅದರ ಮಾತು ತಿಳ್ಕೊ ಅಂತಾಳ.”

ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ; ಅವರಲ್ಲಿ ಯಾರಿಗೆ ಏನು ಸೇರುತ್ತದೆ ಎಂದು ಇವತ್ತಿಗೂ ಹೆಂಡತಿಯನ್ನು ಕೇಳಬೇಕು. ಈ ಅತ್ತೆ-ಸೊಸೆ ನಾಲ್ಕು ಬೆಕ್ಕುಗಳ ಮನಸ್ಸು ಓದಿ ಇಟ್ಟುಕೊಂಡಿದ್ದರು. ನನಗೆ ಬೆಕ್ಕೆಂದರೆ ಆಗುವುದಿಲ್ಲ. ಆದರೂ ಮನಸ್ಸಿನಲ್ಲೇ ಶಹಬ್ಬಾಸ್ ಅಂದೆ.

“ಇದಕ್ಕೇ ಅವತ್ತ ಮುಂಜಾನೆ ಜಗಳ!” ಶ್ರೀಶೈಲಪ್ಪ ಹಿಂದೆಯೇ ಬಂದಿದ್ದರು. “ಬೆಕ್ಕಿನ ಉಸುಕಿನ ಸಂಬಂಧ ಇಬ್ಬರೂ ಓಣಿ ಕೇಳೂಹಂಗ ಒದರ್ಯಾಡ್ಯಾರ. ಸಾಕ್ಷಿ ಅದಾವ.”

“ನಾನ ಸಾಕ್ಷಿ, ಕೇಳ್ರಿ.” ಎದುರು ಮನೆಯ ಜೈತುನಬಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬೂದಿಯ ಡಬ್ಬಿ. ವಿಜಯಲಕ್ಷ್ಮಿಯವರ ಓರಗೆಯವಳು, ಇಬ್ಬರದೂ ಒಂದೇ ಜೀವ ಎಂದು ಓಣಿಯೆಲ್ಲ ಹೇಳುತ್ತದೆ. “ಕಾವೇರಿ ಮೊಬೈಲಿನ್ಯಾಗ ಘಮ್ಮನ್ನೂ ಉಸುಕು ತರಿಸಿದ್ಲು, ಮಲ್ಲಿಗಿ ವಾಸನಿದು. ನಾಕೂ ಬೆಕ್ಕು ಮೂಸಿ, ಕಾಲು ಝಾಡಿಸಿ, ಹೊಳ್ಳಿ ಹೋದ್ವು. ‘ಬೆಕ್ಕೇನು ಮದುವಿಗೆ ಹೊಂಟಾವೇನ ಹುಚ್ಚಿ’ ಅಂತ ವಿಜಕ್ಕ ಬೈದ್ಲು. ಈಕಿನೂ ಒದರಿದ್ಲು. ಆಮ್ಯಾಲೆ ಇಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ಕು ನಕ್ಕು ಕೆಳಗ ಕುಂತ್ರು. ನಕ್ಕಿದ್ದು ನಿಮ್ಮ ಸಾಕ್ಷಿಗೋಳಿಗೆ ಕೇಳಲಿಲ್ಲೇನು ಸಾವಕಾರ್ರ?”

ಶ್ರೀಶೈಲಪ್ಪ ಬೇರೆ ಕಡೆ ನೋಡಿದರು.

ಕೊನೆಯ ಬುಟ್ಟಿ ಹಿಂದಿನ ಕೋಣೆಯಲ್ಲಿತ್ತು. ವಿಜಯಲಕ್ಷ್ಮಿಯವರು ಬಿದ್ದದ್ದು ಅಲ್ಲಿಯೇ. ಕಾವೇರಿ ಹೊಸ್ತಿಲಲ್ಲಿ ನಿಂತುಬಿಟ್ಟಳು.

“ನನಗ ಒಳಗ ಬರಾಕ ಆಗಂಗಿಲ್ರಿ. ಅವತ್ತಿಂದ ಈ ಹೊಸ್ತಿಲಾ ದಾಟಿಲ್ಲ. ಪುಠಾಣಿ ಬೂದಿ ಈಗ ಜೈತುನಬಿ ಖಾಲಾನ ಬದಲ ಮಾಡ್ತಾಳ.”

“ಮೊದಲ ಯಾರು ಮಾಡ್ತಿದ್ರು?”

“ನಾನ ರೀ. ದೀಪ ಹಚ್ಚೂ ಹೊತ್ತಿಗೆ ದಿನಾ ನಾನ ಮಾಡಾಕಿ. ಅವತ್ತ ಮಾಳಿಗಿ ಮ್ಯಾಲೆ ಒಣಾ ಹಾಕಿದ ಮೆಣಸಿನಕಾಯಿ ಗೋಳೆ ಮಾಡಿ ತುಂಬೂದು ತಡಾ ಆತು. ಪಾಪ, ಅತ್ತಿ ತಾನ ಬಂದಾಳ. ಇಳದು ಬಂದು ಕರೀತೇನಿ, ಮಾತಿಲ್ಲ. ಹಿಂಗ... ಇಲ್ಲೇ ಬಿದ್ದಿದ್ಲು. ಓಡಿ ಹೋಗಿ ಅಗಳಿ ತಗದು ಖಾಲಾನ್ನ ಕರಕೊಂಡು ಬಂದೆ.”

ಕೋಣೆಯಲ್ಲಿ ಹಗಲೂ ನಸುಗತ್ತಲೆ. ಬಲ್ಬು ಹೋಗಿ ಬಹಳ ದಿನವಾಗಿತ್ತಂತೆ. ಒಂದು ಮೂಲೆಯಲ್ಲಿ ಬೀಸುವ ಕಲ್ಲು, ಇನ್ನೊಂದು ಕಡೆ ಆಳೆತ್ತರದ ತಗಡಿನ ಕಣಜ. ಕಣಜಕ್ಕೂ ಗೋಡೆಗೂ ನಡುವೆ ಒಂದು ಸಂದಿ, ಅದರೊಳಗೆ ಬೂದಿಬುಟ್ಟಿ. ಮೇಡಂ ಮೊಣಕಾಲೂರಿ ಕೂತು ಬೂದಿ ಮೂಸಿದರು. ನಾನು ಮುಖ ತಿರುಗಿಸಿದೆ.

“ಬೂದಿ ಅದ ಐತೇನು?”

“ಅದ ರೀ,” ಎಂದಳು ಜೈತುನಬಿ. “ನೀರೊಲಿ ಬೂದಿ, ಸೋಸಿದ್ದು. ಹೊಸದು ಹಾಕೇನಿ. ಆಕಿ ಬಂದು ನೋಡತಾಳ, ಒಂದ ಹೆಜ್ಜಿ ಇಡತಾಳ, ಓಡತಾಳ.”

“ಜಾಗ?”

“ಜಾಗಾನೂ ಅದ. ನಾ ಒಂದ ಬೆರಳು ಸರಿಸಿಲ್ಲ.”

“ಬೆಕ್ಕಿಗೆ ಜಡ್ಡೇನರ?”

“ಡಾಕ್ಟರಿಗೆ ತೋರಿಸಿದ್ವಿ. ಗಟ್ಟಿ ಐತಿ ಅಂದ್ರು.”

ಮೇಡಂ ಬುಟ್ಟಿಯನ್ನು ಬಿಟ್ಟು ಅದರಾಚೆ ನೋಡತೊಡಗಿದರು. “ತಂಗಿ, ಈ ಸಂದ್ಯಾಗ ಯಾಕ ಇಟ್ಟೀರಿ? ಇಷ್ಟು ದೊಡ್ಡ ಮನ್ಯಾಗ ಬ್ಯಾರೆ ಜಾಗ ಇದ್ದಿಲ್ಲೇನು?”

“ಆಕಿ ಅಂಜುಬುರುಕಿ ರೀ. ಆ ಶೇಂಗಾ ಊರಗೌಡನಹಂಗ ಎಲ್ಲಾರ ಬುಟ್ಟಿ ಮುಂದೂ ಹೋಗಿ ನಿಂದರತಾನ. ಆಕಿ ಕುಂತಾಗ ಅಂವ ಬಂದ್ರ ಓಡಾಕ ಇನ್ನೊಂದು ದಾರಿ ಬೇಕು. ಎಲ್ಲೆಲ್ಲಿ ಇಟ್ಟರೂ ಒಲ್ಲೆ ಅಂದ್ಲು. ಕಡೀಕ ಅತ್ತಿನ ಈ ಸಂದಿ ಹುಡುಕಿದ್ಲು. ಈ ಕಡೆ ಅಂವ ಬಂದ್ರ ಆ ಕಡೆಯಿಂದ ಪಾರು.”

“ಆ ಕಡೆ?” ಮೇಡಂ ಟಾರ್ಚ್ ಹಾಕಿದರು. “ಆ ಕಡೆ ದಾರಿ ಎಲ್ಲೈತಿ?”

ಸಂದಿಯ ಆಚೆ ತುದಿಯಲ್ಲಿ ಒಂದು ಜೋಳದ ಚೀಲ ನೆಟ್ಟಗೆ ನಿಂತಿತ್ತು. ಗೋಡೆಯಿಂದ ಕಣಜದವರೆಗೆ ಗಟ್ಟಿ ಬಡಿದು ಕೂಡಿಸಿದ ಹಾಗೆ.

ಕಾವೇರಿ ಹೊಸ್ತಿಲು ಮರೆತು ಒಳಗೆ ಬಂದಳು.

“ಈ ಚೀಲ ಇಲ್ಲಿ ಯಾರು ತಂದ್ರು? ಇದು ಕೋಠಿ ಬಾಗಲದಾಗ ಇತ್ತು! ಖಾಲಾ, ನೀ ಇಟ್ಟೀಯೇನು?”

“ಚೀಲ ಎತ್ತೂ ವಯಸ್ಸೇನ ನಂದು? ನಾ ಈ ಕಡೆಯಿಂದ ಬೂದಿ ಹಾಕಿ ಹೋಗಾಕಿ. ಆ ಕತ್ತಲ್ಯಾಗ ನನಗೇನ ಕಾಣತೈತಿ?”

“ಚಂದ್ರಾಮಣ್ಣ,” ಎಂದರು ಮೇಡಂ.

ಎಳೆಯಲಿಕ್ಕೆ ಈ ಮನೆಯಲ್ಲಿ ಬೇರೆ ಯಾರಿದ್ದರು? ಸೊಂಟ ಹಿಡಿದುಕೊಂಡು ಚೀಲ ಎಳೆದೆ. ಎಲ್ಲರೂ ಹೊಸ್ತಿಲ ಹೊರಗೆ ಸರಿದು ಸುಮ್ಮನೆ ಕೂತೆವು. ಠಾಣೆಯ ಕೆಲಸ ಬಿಟ್ಟು ಬೆಕ್ಕಿನ ಬಹಿರ್ದೆಸೆಗೆ ಕಾಯುವ ಯೋಗ ಎಷ್ಟು ಜನಕ್ಕೆ ಬರುತ್ತದೆ ಹೇಳಿ!

ಪುಠಾಣಿ ಬಂತು. ಬುಟ್ಟಿಯ ಬಳಿ ನಿಂತಿತು. ಬೂದಿ ನೋಡಲಿಲ್ಲ, ಸಂದಿಯ ಆಚೆ ತುದಿ ನೋಡಿತು. ಕತ್ತು ಚಾಚಿ ಇನ್ನೊಮ್ಮೆ ನೋಡಿತು. ಆಮೇಲೆ ಬುಟ್ಟಿಯೊಳಗೆ ಹೋಗಿ, ಮುಂಗಾಲಿನಿಂದ ಗುಂಡಿ ತೋಡಿ, ತಿರುಗಿ ಕೂತು, ಕೆಲಸ ಮುಗಿಸಿ, ಬೂದಿ ಎಳೆದು ಎಳೆದು ಮುಚ್ಚಿ, ಮೂಸಿ ನೋಡಿ, ಆ ಕಡೆಯಿಂದ ಹೊರಟು ಹೋಯಿತು.

ಕಾವೇರಿ ಬಾಯಿಗೆ ಸೆರಗು ಹಚ್ಚಿ ಅತ್ತಳು. “ಆಕಿ ನನ್ನ ಮ್ಯಾಲೆ ಸಿಟ್ಟಾಗಿದ್ದಿಲ್ಲ,” ಎಂದಳು. ಒಂದು ಪುಟ್ಟ ಬೆಕ್ಕಿನ ಕ್ಷಮೆ ಆ ಹುಡುಗಿಗೆ ಎಷ್ಟು ಬೇಕಾಗಿತ್ತೆಂದು ನೋಡಿ ನಾನೂ ಕರವಸ್ತ್ರ ಹುಡುಕಿದೆ. ಸುಳ್ಳೇಕೆ ಹೇಳಲಿ?

“ಬೆಕ್ಕಿನಾಟ ಮುಗೀತಲ್ಲ?” ಶ್ರೀಶೈಲಪ್ಪ ಎದ್ದರು. “ಇನ್ನ ಕೆಲಸ ಮಾಡ್ರಿ.”

“ಕೆಲಸ ಈಗ ಸುರು ಆತು, ಸಾವಕಾರ್ರ.” ಮೇಡಂ ಟಾರ್ಚನ್ನು ನೆಲದ ಮೇಲೆ ಹರಿಸುತ್ತ ಬೀಸುವ ಕಲ್ಲಿನ ಮೂಲೆಗೆ ಬಂದು ನಿಂತರು. ಅಲ್ಲೊಂದು ಹಳೆಯ ಮೊರ ಬೋರಲು ಹಾಕಿತ್ತು. ಎತ್ತಿದರು.

ಕೆಳಗೆ ಬೂದಿಯ ಗುಡ್ಡೆ. ಪೊರಕೆಯಿಂದ ಗುಡಿಸಿ ಒಟ್ಟುಮಾಡಿದ್ದು, ಸುತ್ತ ಒಂದು ಕಣವೂ ಚೆಲ್ಲಿರಲಿಲ್ಲ. ನಾಲ್ಕಾರು ಜೋಳದ ಕಾಳು ಸೇರಿದ್ದವು. ಮೇಡಂ ಕಡ್ಡಿಯಿಂದ ಕೆದರಿದರು. ಬೂದಿಯೊಳಗೆ ಕಪ್ಪಾಗಿ ಒಣಗಿದ ಹಕ್ಕಳೆಗಳು.

ನಾನು ಬಹಳ ನೋಡಿದ್ದೇನೆ. ಅದು ರಕ್ತ.

“ಇದು ಯಾರು ಗುಡಿಸಿದ್ದು?” ಮೇಡಂ ದನಿ ತಗ್ಗಿತ್ತು.

ಕಾವೇರಿ, ಜೈತುನಬಿ ಇಬ್ಬರೂ ತಲೆಯಾಡಿಸಿದರು. “ಆದ್ರ ಹಿಂಗ ಮುಚ್ಚಿಡೂದು ಅತ್ತಿ ಪದ್ಧತಿ ರೀ,” ಎಂದಳು ಕಾವೇರಿ. “ದೀಪ ಹಚ್ಚಿದ ಮ್ಯಾಲೆ ಕಸ ಹೊರಗ ಚೆಲ್ಲಬಾರದು, ಲಕ್ಷ್ಮಿ ಹೋಗ್ತಾಳ ಅಂತಾಳ. ಗುಡಿಸಿ ಮೂಲ್ಯಾಗ ಹಾಕಿ, ಮೊರ ಬೋರಲ ಹಾಕೂದು. ಮುಂಜಾನೆ ಚೆಲ್ಲೂದು. ನನಗ ಮೊದಲನೇ ದಿನಾನ ಕಲಿಸಿದ್ದು ಇದು.”

“ಅತ್ತಿ ರಕ್ತಾ ಅತ್ತಿ ಗುಡಿಸಂಗಿಲ್ಲ,” ಎಂದರು ಮೇಡಂ.

ಟಾರ್ಚನ್ನು ಸಂದಿಯ ಕಡೆ ತಿರುಗಿಸಿದರು.

“ಕೇಳ್ರಿ ಸಾವಕಾರ್ರ. ಯಾರೋ ಅವತ್ತ ಮಧ್ಯಾಹ್ನನ ಈ ಮನಿಯೊಳಗ ಬಂದಾರ. ಆಗ ಮುಂದಿನ ಬಾಗಲಾ ತೆರದ ಇತ್ತು. ಬೂದಿಬುಟ್ಟಿ ಜಗ್ಗಿ ಹೊರಗಿಟ್ಟು ಈ ಸಂದ್ಯಾಗ ಹೊಕ್ಕಾರ. ಆ ಕಡೆಯಿಂದ ಕಾಣಬಾರದಂತ ಚೀಲ ತಂದು ಅಡ್ಡ ನಿಲ್ಲಿಸ್ಯಾರ. ಹೊತ್ತು ಮುಳುಗಿದ ಮ್ಯಾಲೆ ವಿಜಯಲಕ್ಷ್ಮಿ ಅವ್ವಾರ್ನ ಹೊಡದಾರ. ಬೂದಿ ಚೆಲ್ಲಿ ಹೆಜ್ಜಿ ಮೂಡ್ಯಾವ, ಅದಕ್ಕ ಗುಡಿಸ್ಯಾರ. ಕಾವೇರಿ ಇಳಿಯೂ ಸಪ್ಪಳಾ ಕೇಳಿ ಮತ್ತ ಸಂದ್ಯಾಗ ಹೊಕ್ಕಾರ. ಆಕಿ ಅಗಳಿ ತಗದು ಓಡಿದ ಕೂಡ್ಲೆ ಬುಟ್ಟಿ ಒಳಗ ಇಟ್ಟು, ತೆರದ ಬಾಗಲದಿಂದ ಹೊರಗ ನಡದಾರ. ಅಗಳಿ ಹಾಕಿದ್ದಕ್ಕ ಕಾವೇರಿನ ಅಂತೀರಲ್ಲ, ಸ್ವಂತ ಮನ್ಯಾಗ ಸೊಸಿಗೆ ಅಡಗಿ ಕುಂದ್ರೂ ಗರಜೇನಿತ್ತು?”

ನಾನು ಬಾಯಿ ತೆರೆದು ನಿಂತಿದ್ದೆ. ಎರಡು ದಿನ ಆ ಅಗಳಿಗೆ ತಲೆ ಚಚ್ಚಿಕೊಂಡಿದ್ದೆವು. ಒಂದು ಬೆಕ್ಕು ಒಲ್ಲೆ ಅಂದದ್ದಕ್ಕೆ ಅಗಳಿಯೇ ಕಳಚಿ ಬಿತ್ತು.

ಶ್ರೀಶೈಲಪ್ಪನವರ ಮುಖ ಕೆಂಪಾಯಿತು. “ಅಂದ್ರ ನಾ ಅಂತೀರೇನು? ಕಾವೇರಿ ಒದರಿದಾಗ ಮೊದಲ ಬಂದಾವ ನಾನು, ಅದಕ್ಕ?”

“ನಾ ಏನೂ ಅಂದಿಲ್ಲ. ಆ ಸಂದ್ಯಾಗ ಹೋಗಿ ನಿಂದರ್ರಿ, ಒಂಚೂರು.”

ಮನುಷ್ಯನಿಗೆ ರೋಷ. ಪಂಚೆ ಎತ್ತಿ ಕಟ್ಟಿ ನುಗ್ಗಿದರು. ಒಂದು ಭುಜ ಹೋಯಿತು, ಅರ್ಧ ಹೊಟ್ಟೆ ಹೋಯಿತು, ಅಲ್ಲಿಗೆ ಕಣಜ ಗಡಗಡ ಎಂದಿತು. ಮುಂದೆ ಹೋಗಲಾರರು, ಹಿಂದೆ ಬರಲಾರರು. ನಾನು ಕೈ ಹಿಡಿದು ಎಳೆದೆ. ಎಳೆಯುವಾಗ ಸ್ವಲ್ಪ ನಿಧಾನ ಮಾಡಿದ್ದು ಬೇಕೆಂತಲೇ.

“ನೀವಲ್ಲ,” ಎಂದರು ಮೇಡಂ. “ನೀವು ಬುಟ್ಟಿ ತಿರುಗಿ ಒಳಗ ಇಡಾವರೂ ಅಲ್ಲ. ಬೆಕ್ಕಿನ ಬುಟ್ಟಿ ಮುಟ್ಟೂ ಪೈಕಿ ಅಲ್ಲ ನೀವು.”

“ಮತ್ತ ಯಾರು?”

“ಕಳ್ಳ ಹೊರಗಿನಾವ ಆಗಿದ್ರ ಬೂದಿ ಎತ್ತಿ ಹಿತ್ತಲಕ್ಕ ಒಗಿತಿದ್ದ. ಎರಡ ಹೆಜ್ಜಿ ದೂರ ಬಾಗಲಾ. ಇಂವ ಒಗಿಲಿಲ್ಲ. ಅಷ್ಟು ಅವಸರದಾಗೂ ಕೈ ತಾನ ಗುಡಿಸಿ ಮೊರ ಮುಚ್ಚೈತಿ. ಈ ಮನ್ಯಾಗ, ವಿಜಯಲಕ್ಷ್ಮಿ ಅವ್ವಾರ ಕೈಯಾಗ ಬೆಳದ ಕೈ ಅದು. ಬೆಕ್ಕಿನ ಬುಟ್ಟಿ ಹೊರಗ ಬಿಡಬಾರದು ಅನ್ನೂದೂ ಗೊತ್ತೈತಿ. ಬೂದಿ ಹ್ಯಾಂಗ ಸಮ ಮಾಡಬೇಕು ಅನ್ನೂದೂ ಗೊತ್ತೈತಿ.” ಮೇಡಂ ಒಂದು ಕ್ಷಣ ನಿಂತರು. “ಆದ್ರ ಪುಠಾಣಿ ಗೊತ್ತಿಲ್ಲ. ಆಕಿಗೆ ಎರಡ ದಾರಿ ಬೇಕು ಅನ್ನೂದು ಗೊತ್ತಿಲ್ಲ. ಪುಠಾಣಿ ಬರೂದರೊಳಗ ಈ ಮನಿ ಬಿಟ್ಟು ಬ್ಯಾರೆ ಊರಾಗ ಇರಾಕತ್ತಾವ. ಅದಕ್ಕ ಚೀಲ ಅಲ್ಲೇ ಬಿಟ್ಟಾನ.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಜೈತುನಬಿಗೆ ಬೇಕಾಗಲಿಲ್ಲ. ಆಕೆ ಗೋಡೆ ಹಿಡಿದು ಕೂತುಬಿಟ್ಟಳು. ಶ್ರೀಶೈಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡವರು ಅದನ್ನು ಮುಖದಿಂದ ತೆಗೆಯಲಿಲ್ಲ.

ಕಾವೇರಿ ಮಾತ್ರ ನೆಟ್ಟಗೆ ನಿಂತಿದ್ದಳು. “ಅವರು ಇಂಡ್ಯಾಗ ಇದ್ರು,” ಎಂದಳು. “ಅವತ್ತ ಇಂಡ್ಯಾಗ ಇದ್ರು. ಫೋನ ಮಾಡಿದಾಗ ಹಂಗಂದ್ರು.”

“ಫೋನಿನ್ಯಾಗ ಅಂದ್ರು,” ಎಂದರು ಮೇಡಂ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಮಿತ. ಎರಡು ದಿನದಿಂದ ತಾಯಿಯ ತಲೆದಿಂಬಿನ ಪಕ್ಕ ಕೂತವನು. ನಾವೇ ಕೂಡಿಸಿ, ಒಳ್ಳೆಯ ಮಗ ಎಂದು ಹೊಗಳಿ ಬಂದಿದ್ದೆವು.

ಕಾವೇರಿಯ ಮೊಬೈಲ್ ರಿಂಗಾಯಿತು. ಆಕೆ ಹೆಸರು ನೋಡಿ ಮೇಡಂ ಕಡೆ ತಿರುಗಿಸಿದಳು. ಗಂಡ. ಮೇಡಂ ಕಣ್ಣಿನಲ್ಲೇ ಎತ್ತು ಎಂದರು. ಕಾವೇರಿ ದನಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಕಾವೇರಿ, ಅವ್ವ ಕಣ್ಣ ತಗದಾಳ.”

ಜೈತುನಬಿ “ಯಾ ಅಲ್ಲಾ” ಎಂದದ್ದು ಸೆರಗಿನೊಳಗೇ ಉಳಿಯಿತು.

“ಹೌದೇನ್ರಿ? ಡಾಕ್ಟರ್ ಏನಂದ್ರು?”

“ಡಾಕ್ಟರ್ ಇನ್ನೂ ಬಂದಿಲ್ಲ. ನರ್ಸಗೂ ಹೇಳಿಲ್ಲ. ನಾನೊಬ್ಬನ ಅದೇನಿ. ಬಾಗಲಾ ಮುಂದ ಮಾಡೇನಿ, ಗದ್ದಲಾಗಬಾರದಂತ.” ಸ್ವಲ್ಪ ತಡೆದ. “ಪೊಲೀಸರು ನಿನ್ನ ಒಯ್ದಿಲ್ಲೇನ ಇನ್ನೂ?”

“ಇಲ್ರಿ. ಸಂಜಿಕ ಬರ್ತಾರಂತ.”

ಹಿಂದಿನ ಕ್ಷಣವಷ್ಟೇ ಗಂಡನ ಸುದ್ದಿ ತಿಳಿದ ಹೆಂಗಸು. ದನಿಯಲ್ಲಿ ಒಂದು ಎಳೆ ಹೆಚ್ಚುಕಡಿಮೆ ಆಗಲಿಲ್ಲ.

ಮೇಡಂ ಅಂಗಳಕ್ಕೆ ಹಾರಿ, ದವಾಖಾನೆಯಲ್ಲಿ ಕಾವಲಿಗೆ ಹಾಕಿದ್ದ ಕಾನ್‌ಸ್ಟೇಬಲ್ ಮೋದಿನಸಾಬನಿಗೆ ಫೋನ್ ಹಚ್ಚಿದರು. ಎತ್ತಲಿಲ್ಲ. ಚಹಾಕ್ಕೆ ಹೋಗಿರಬೇಕು, ಫೋನು ಯಾವ ಜೇಬಿನಲ್ಲಿತ್ತೋ. ಅವನಿಗೆ ನನ್ನ ಬಾಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮೇಡಂ ವಿಜಯಪುರದ ಠಾಣೆಗೆ ಹಚ್ಚಿದರು, ಪಿಸುದನಿಯಲ್ಲಿ ಕೋಣೆಯ ಗುರುತು ಹೇಳತೊಡಗಿದರು. ಕಾವೇರಿಗೆ ಕೈ ಸನ್ನೆ ಮಾಡಿದರು. ಮಾತಾಡಿಸುತ್ತ ಇರು, ಬಿಡಬೇಡ.

“ಒಂದ ಮಾತ ಕೇಳ್ರಿ,” ಎಂದಳು ಕಾವೇರಿ ಫೋನಿಗೆ. “ಅತ್ತಿ ಕಿವಿ ಹತ್ರ ಫೋನ ಹಿಡೀರಿ. ಬೆಕ್ಕಿನ ಸುದ್ದಿ ಹೇಳ್ತೇನಿ. ಆಕಿಗೆ ಅದ ಚಿಂತಿ ಇರತೈತಿ.”

“ಈಗೂ ಬೆಕ್ಕ?”

“ಕೈ ಜೋಡಸ್ತೇನಿ ರೀ. ಸಂಜಿಕ ಪೊಲೀಸರು ಒಯ್ದ ಮ್ಯಾಲೆ ನಾ ಎಲ್ಲಿ, ಆಕಿ ಎಲ್ಲಿ? ಒಂದ ಸಲ ಮಾತಾಡ್ತೇನಿ.”

ಅವನು ನಿಟ್ಟುಸಿರು ಬಿಟ್ಟದ್ದು ಕೇಳಿತು. ಹಾಸಿಗೆ ಕಿರ್ ಎಂದಿತು. “ಹಂ. ಹಿಡದೇನಿ. ಲಗೂ ಮುಗಸು.”

ಒಂದು ಕೈ ಫೋನು ಹಿಡಿದಿದೆ. ಅಷ್ಟು ಹೊತ್ತು ಆ ಕೈಗೆ ಬೇರೆ ಕೆಲಸವಿಲ್ಲ. ಅದನ್ನು ಕಾವೇರಿ ನನಗಿಂತ ಮೊದಲು ಯೋಚಿಸಿದ್ದಳು.

“ಅತ್ತಿ, ನಾನ ಕಾವೇರಿ. ಶೇಂಗಾ ಚಲೋ ಅದಾನ. ಉಸುಕು ನಿನ್ನಿ ಜರಡಿ ಹಿಡದು ಹಾಕೇನಿ, ಒಂದ ಹರಳಿಲ್ಲ. ಗುರೆಳ್ಳು ಪರಾತ ಬಿಸಲಿಗೆ ಇಟ್ಟು ಒಣಗಿಸೇನಿ. ಆಕಿ ಕಾಲಿಗೆ ಎಣ್ಣಿ ಹಚ್ಚೇನಿ. ಅಗಸಿ ಎರಡೂ ಬುಟ್ಟಿ ತೊಳದೇನಿ, ಫಿನೈಲ ಹಾಕಿಲ್ಲ, ನೀ ಬೈತೀಯಲ್ಲ, ಬರೇ ಬಿಸಿನೀರು...”

ಪುಠಾಣಿಯ ಹೆಸರೆತ್ತಲಿಲ್ಲ, ಎತ್ತಿದರೆ ಅವನಿಗೆ ಆ ಸಂದಿ ನೆನಪಾದೀತು. ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ದನಿ ಮಾತ್ರ ಮಗುವನ್ನು ಮಲಗಿಸುವ ತಾಯಿಯ ದನಿ. ಧೈರ್ಯ ಎನ್ನುವುದನ್ನು ನಾನು ಠಾಣೆಯಲ್ಲಿ ಬಹಳ ಕೇಳಿದ್ದೇನೆ, ಪದಕ ಕೊಡುವಾಗ ಓದುತ್ತಾರೆ. ಕಂಡದ್ದು ಅವತ್ತು, ಬೂದಿಬುಟ್ಟಿಯ ಪಕ್ಕ.

ಅಂಗಳದಿಂದ ಮೇಡಂ ಬೆರಳೆತ್ತಿ ತೋರಿಸಿದರು. ಜೀಪು ಹೊರಟಿದೆ. ಇನ್ನು ಸ್ವಲ್ಪ ಹೊತ್ತು.

“...ನೀ ಬಂದ ಮ್ಯಾಲೆ ಹೊಸಾ ಉಸುಕು ತರೋಣ, ಅತ್ತಿ. ವಾಸನಿ ಇಲ್ಲದ್ದು. ಕೇಳಸಾಕತ್ತೈತೇನು?”

ಫೋನಿನಲ್ಲಿ ಉಸಿರಾಟ. ಆಮೇಲೆ ಒಣಗಿದ, ಸವೆದ ಒಂದು ದನಿ.

“ಕಾವೇರಿ...”

“ಅತ್ತಿ!”

“ನೀ ಅಲ್ಲಿಗೆ ಬರಲಿಲ್ಲ, ಚಲೋ ಆತು.”

“ಅವ್ವಾ, ಸಾಕು, ಮಾತಾಡಬ್ಯಾಡ,” ಅಮಿತನ ದನಿ ಅಡ್ಡ ಬಂತು. ಹಾಸಿಗೆ ಮತ್ತೆ ಕಿರ್ ಎಂದಿತು.

ವಿಜಯಲಕ್ಷ್ಮಿಯವರು ನಿಲ್ಲಿಸಲಿಲ್ಲ. ಮಗ ಪಕ್ಕದಲ್ಲಿದ್ದಾನೆಂದು ತಿಳಿದೇ, ಒಂದೊಂದು ಮಾತನ್ನೂ ಎತ್ತಿ ಇಡುವವರಂತೆ ಹೇಳಿದರು.

“ಕತ್ತಲಿತ್ತು, ನಾ ಅಂತ ಇಂವಗ ಗೊತ್ತಾಗಲಿಲ್ಲ. ಹೊಡಿಯೂಮುಂದ ಇಂವ ಕರದದ್ದು ನಿನ್ನ ಹೆಸರವ್ವಾ.”

ಫೋನು ಬಂದ್ ಆಯಿತು.